ಕಂಬಳಿ ನಾಟಕ ಬರೆದವರು ಯಾರು?

ಬೆಳಗಿನ ಲಿಂಗಪೂಜೆ ಮುಗಿದು ಹಣೆಯ ವಿಭೂತಿ ಆರುವ ಮೊದಲೇ ಗಂಗಾಂಬಿಕಾ ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ತಾರೀಖಿನ ಚೀಟಿ ಹರಿಯುತ್ತಾಳೆ. ಅದರ ಬೆನ್ನಿಗೆ ಪೆನ್ಸಿಲಿನಿಂದ ಒಂದೇ ಸಾಲು ಬರೆದು ಹಳೆಯ ಬಿಸ್ಕೀಟಿನ ಡಬ್ಬಿಗೆ ಹಾಕುತ್ತಾಳೆ. ನಿನ್ನೆ ಕಿವಿಗೆ ಬಿದ್ದ ಮಾತುಗಳಲ್ಲಿ ಮರೆಯಬಾರದು ಅನ್ನಿಸಿದ್ದು ಒಂದು. ಜ್ವರ ಬಂದ ದಿನವೂ ತಪ್ಪಿಸಿಲ್ಲ, ಮಗಳ ಮದುವೆಯ ದಿನವೂ ತಪ್ಪಿಸಿಲ್ಲ. ಎರಡನೇ ತರಗತಿಗೇ ಸಾಲೆ ಬಿಟ್ಟವಳು ಅಕ್ಷರ ಉಳಿಸಿಕೊಂಡದ್ದು ಹೀಗೆ.

ಇವತ್ತಿನ ಸಾಲು ಬರೆದು ಅವಳು ಒಲೆಯ ಮುಂದೆ ಕುಳಿತಳು. ಅಡಿಗೆಮನೆಯ ಬಾಗಿಲಾಚೆ ಪಡಸಾಲೆಯಲ್ಲಿ ಗಂಡ ಚಿದಾನಂದ ಮಾಸ್ತರು ಭಾಷಣ ಓದುತ್ತಿದ್ದರು. ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಭಾನುವಾರ ಜಮಖಂಡಿಯ ಕಾಲೇಜೊಂದರಲ್ಲಿ ಮಾತಾಡಬೇಕಿತ್ತು. ಬನಹಟ್ಟಿಯ ಆ ಓಣಿಯಲ್ಲಿ ಪಕ್ಕದ ಮನೆಯ ಮಗ್ಗ ಆಗಲೇ ಸುರುವಾಗಿದ್ದರಿಂದ ದನಿ ಎತ್ತರಿಸಿಯೇ ಓದಬೇಕಾಗಿತ್ತು. ವಾದ ಅರ್ಧ ದಾರಿಗೆ ಬಂದಿತ್ತು.

ಚಿದಾನಂದ: ಅದಕ್ಕ ಹೇಳಾಕತ್ತೇನಿ, ಆ ನಾಟಕ ಅಂವ ಬರದಿಲ್ಲ. ಸಾಧ್ಯನ ಇಲ್ಲ.

ಗಂಗಾಂಬಿಕಾ: ಯಾಂವ್ರಿ?

ಚಿದಾನಂದ: ಇಷ್ಟೊತ್ತು ಯಾರಿಗೆ ಓದಿದೆ ನಾ? ಇಂಗ್ಲೆಂಡಿನಾಂವ. ನಾನೂರು ವರ್ಷದ ಹಿಂದ, ರಾಣಿ ಕಾಲದಾಗ ನಾಟಕ ಬರದಾನಂತ ಜಗತ್ತೆಲ್ಲ ಕೈ ಮುಗಿತೈತಲ್ಲ, ಅಂವ.

ಗಂಗಾಂಬಿಕಾ: ಮೂವತ್ತೈದು ವರ್ಷ ನೀವ ಅವನ ನಾಟಕ ಕಲಿಸಿದ್ರಿ. ಅಂವ ಬರದದ್ದು ಅಂತನ ಕಲಿಸಿದ್ರಿ.

ಚಿದಾನಂದ: ಆಗ ವಿಚಾರ ಮಾಡಾಕ ವ್ಯಾಳ್ಯಾ ಎಲ್ಲಿತ್ತು? ಪೋರ್ಶನ್ ಮುಗಸೂದ ಆಗಿತ್ತು.

ಗಂಗಾಂಬಿಕಾ: ಈಗ ಅಂವ ಏನು ತಪ್ಪ ಮಾಡ್ಯಾನ್ರಿ?

ಚಿದಾನಂದ: ತಪ್ಪಲ್ಲ, ಸಾಕ್ಷಿ. ಒಂದನೇದು, ಅವರಪ್ಪ ಕೈಗವಸು ಹೊಲಿಯಾಂವ. ಎರಡನೇದು, ಊರ ಸಾಲಿ ಬಿಟ್ರ ಮುಂದ ಕಲತಿಲ್ಲ. ಅಂಥಾವಂಗ ಅರಮನಿ ಒಳಗಿನ ಮಾತು ಹೆಂಗ ತಿಳೀಬೇಕು?

ಗಂಗಾಂಬಿಕಾ: ಕೇಳಿರ್ಬೇಕ್ರಿ.

ಚಿದಾನಂದ: ಕೇಳಿದ್ರ ಬರತೈತೇನು ನಾಟಕ?

ಗಂಗಾಂಬಿಕಾ: ನಮ್ಮವ್ವಗ ಒಂದಕ್ಷರ ಬರತಿರಲಿಲ್ಲ. ಬೀಸೂಕಲ್ಲಿನ ಮುಂದ ಕುಂತ್ಲಂದ್ರ ಜ್ವಾಳ ಮುಗಿಯೂತನ ಹಾಡ್ತಿದ್ಲು. ಹಾಡಿದ್ದ ಹಾಡ ತಿರುಗಿ ಬರತಿರಲಿಲ್ಲ.

ಚಿದಾನಂದ: ಅದು ಜಾನಪದ. ಅದಕ್ಕ ಕರ್ತೃ ಅಂತ ಯಾರೂ ಇರೂದಿಲ್ಲ.

ಗಂಗಾಂಬಿಕಾ: ನಮ್ಮವ್ವ ಇದ್ಲಲ್ರಿ.

ಮಾಸ್ತರು ಕನ್ನಡಕ ಮೇಲೆತ್ತಿ ಬಾಗಿಲ ಕಡೆ ನೋಡಿದರು. ಅಲ್ಲಿಂದ ಹಿಟ್ಟು ನಾದುವ ಕೈ ಮಾತ್ರ ಕಾಣುತ್ತಿತ್ತು.

ಚಿದಾನಂದ: ಮೂರನೇದು ಕೇಳು. ಅವನ ಸಹಿ ಆರ ಸಿಕ್ಕಾವ. ಒಂದರಂಗ ಒಂದಿಲ್ಲ.

ಗಂಗಾಂಬಿಕಾ: ನಿಮ್ಮ ಪೆನ್ಶನ್ ಕಾಗದ ಮೂರ ಸಲ ತಿರುಗಿ ಬಂತಲ್ರಿ, ಸಹಿ ಕೂಡೂದಿಲ್ಲ ಅಂತ. ಹಂಗಾರ ಮೂವತ್ತೈದು ವರ್ಷ ಸಾಲಿಗೆ ಹೋದಾವ್ರು ಯಾರು?

ಚಿದಾನಂದ: ಅದು ಕೈ ನಡಗೂದರ ಸಲುವಾಗಿ. ನಾಕನೇದು, ಅವನ ಮೃತ್ಯುಪತ್ರ. ಅದರಾಗ ಒಂದ ಪುಸ್ತಕದ ಹೆಸರಿಲ್ಲ. ಹೆಂಡತಿಗೆ ಏನ ಬರದಾನ ಗೊತ್ತೈತೇನು? ಮನ್ಯಾಗಿನ ಎರಡನೇ ನಂಬರಿನ ಮಂಚ.

ಗಂಗಾಂಬಿಕಾ: ಮಂಚರೆ ಬರದಾನಲ್ರಿ.

ಚಿದಾನಂದ: ನಿನ್ನ ಮುಂದ ಓದೂದ ತಪ್ಪಾತು. ಇದೇನು ನಾ ಒಬ್ಬನ ಹೇಳಾಕತ್ತಿಲ್ಲ. ನೂರಾ ಅರವತ್ತು ವರ್ಷದ ಹಿಂದ ಅಮೇರಿಕಾದ ಒಬ್ಬ ಹೆಣಮಗಳು ಇದರ ಮ್ಯಾಲ ದಪ್ಪ ಪುಸ್ತಕ ಬರದ್ಲು. ಇವು ಅಂವ ಬರದದ್ದಲ್ಲ, ದೊಡ್ಡ ದೊಡ್ಡ ಕಲತಾವ್ರು ಕೂಡಿ ಬರದದ್ದು ಅಂತ. ಸಾಕ್ಷಿ ಹುಡಕಾಕ ಹಡಗ ಹತ್ತಿ ಇಂಗ್ಲೆಂಡಿಗೆ ಹೋದ್ಲು. ಅವನ ಗೋರಿ ಮುಂದ ಹೋಗಿ ನಿಂತ್ಲು. ಕಲ್ಲ ಎತ್ತಿಸಾಕ ಮನಸ್ಸ ಆಗಲಿಲ್ಲ, ಹಂಗ ತಿರುಗಿ ಬಂದ್ಲು.

ಗಂಗಾಂಬಿಕಾ: ಪಾಪ, ಒಬ್ಬಾಕಿನ? ಅಲ್ಲಿ ಊಟಕ್ಕೇನ ಮಾಡಿದ್ಲೋ.

ಚಿದಾನಂದ: ಊಟದ ಸುದ್ದಿ ಯಾರ ತಗದಾರ ಇಲ್ಲಿ?

ಗಂಗಾಂಬಿಕಾ: ಯಾರೂ ತಗದಿರಾಕಿಲ್ಲ, ಅದಕ್ಕ ತಗದೆ. ಮತ್ತ ಆಕಿ ಪುಸ್ತಕ ಆಕೀನ ಬರದಾಳ ಅಂತ ಜನ ನಂಬಿದ್ರೇನ್ರಿ?

ಚಿದಾನಂದ: ಅದರಾಗೇನ ಸಂಶೇ? ಮ್ಯಾಲ ಆಕಿ ಹೆಸರ ಐತಲ್ಲ.

ಗಂಗಾಂಬಿಕಾ: ಅವನ ನಾಟಕದ ಮ್ಯಾಲ ಅವನ ಹೆಸರೂ ಐತಲ್ರಿ.

ಮಾಸ್ತರು ಹಾಳೆ ತಿರುವಿದರು. ಮುಂದಿನ ಸಾಕ್ಷಿ ಐದನೆಯದಿತ್ತು. ಅದನ್ನು ಓದಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮತ್ತೊಂದು ಪ್ರಶ್ನೆ ಬಂತು.

ಗಂಗಾಂಬಿಕಾ: ಹಂಗಾದ್ರ ‘ಕಂಬಳಿ ಪಂಚಾಯ್ತಿ’ ಯಾರ ಬರದ್ರು?

ಮೂವತ್ತೆರಡು ವರ್ಷದ ಹಿಂದೆ ಮಾಸ್ತರು ಚಿಮ್ಮಡದ ಸಾಲೆಯಲ್ಲಿದ್ದಾಗ ಊರಿನ ನಾಟಕದ ಮೇಳದವರು, ನಮಗೊಂದು ನಾಟಕ ಬರೆದುಕೊಡಿ ಎಂದು ಬೆನ್ನು ಹತ್ತಿದ್ದರು. ಮಾಸ್ತರು ನಾಲ್ಕು ದಿನ ಪೆನ್ನು ಕಚ್ಚಿಕೊಂಡು ಕುಳಿತರು. ಐದನೆಯ ದಿನ ಗಂಗಾಂಬಿಕಾ ರೊಟ್ಟಿ ಬಡಿಯುತ್ತ ಒಂದೊಂದೇ ಮಾತು ಹೇಳಿದಳು, ಅವರು ಬರೆದುಕೊಂಡರು. ಒಂದೇ ಕಂಬಳಿಗಾಗಿ ಜಗಳಾಡಿ ಅದನ್ನು ಹರಿದು ಪಾಲು ಮಾಡಿಕೊಳ್ಳುವ ಅಣ್ಣತಮ್ಮರ ಕಥೆ. ಆಮೇಲೆ ಮಾಸ್ತರು ಅದನ್ನು ತಿದ್ದಿ, ಚೊಕ್ಕ ಪ್ರತಿ ಮಾಡಿ, ಮೇಲೆ ತಮ್ಮ ಹೆಸರು ಹಾಕಿ ಕೊಟ್ಟರು. ಆ ನಾಟಕ ಸುತ್ತಲಿನ ಊರುಗಳಲ್ಲಿ ಇವತ್ತಿಗೂ ಆಡುತ್ತಾರೆ.

ಚಿದಾನಂದ: ಅದು ಬ್ಯಾರೆ ಮಾತು. ನಿಮ್ಮ ಹೆಸರ ಹಾಕ್ರಿ ಅಂತ ಆಗ ನೀನ ಅಂದಿದ್ದಿ.

ಗಂಗಾಂಬಿಕಾ: ಅಂದಿದ್ದೆ. ಹೆಣಮಗಳು ಬರದಾಳಂದ್ರ ಮೇಳದಾವ್ರು ಮುಟ್ಟೂದಿಲ್ಲ ಅಂತ ನೀವಂದ್ರಿ, ಅದಕ್ಕ ಅಂದೆ. ಅದು ಆ ಒಂದ ಆಟಕ್ಕ ಅಂದದ್ದು. ಮೂವತ್ತೆರಡು ವರ್ಷಕ್ಕಲ್ಲ.

ಚಿದಾನಂದ: ಈಗೇನ, ಅಚ್ಚಾಗಿ ಹೋಗೇತೇನು? ಕೈಬರಹದ ನಾಟಕ. ಯಾರ ಬರದ್ರ ಏನಾತು?

ಅಷ್ಟರಲ್ಲಿ ಹೊರಗೆ ಆಟೋ ನಿಂತ ಸಪ್ಪಳವಾಯಿತು. ಚಪ್ಪಲಿ ಕಳಚಿ ಒಳಬಂದವನು ಚಿಮ್ಮಡದ ಲಗಮಣ್ಣ, ಮೇಳದ ಹಿರಿಯ. ಹಣೆಯ ಮೇಲೆ ಬೀರೇಶ್ವರನ ಭಂಡಾರದ ಅರಿಶಿನ, ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ದಪ್ಪ ನೋಟ್‌ಬುಕ್.

ಲಗಮಣ್ಣ: ಶರಣ್ರಿ ಮಾಸ್ತರ. ಅವ್ವಾರ, ಆರಾಮ ಅದೀರಿ? ಒಂದ ಛಲೋ ಸುದ್ದಿ ತಂದೇನ್ರಿ. ‘ಕಂಬಳಿ ಪಂಚಾಯ್ತಿ’ ಅಚ್ಚ ಹಾಕಸಾಕತ್ತೇವಿ.

ಒಳಗೆ ಹಿಟ್ಟು ನಾದುವ ಕೈ ನಿಂತಿತು.

ಲಗಮಣ್ಣ: ಮುಧೋಳದ ಪ್ರೆಸ್ಸಿನಾವ್ರು, ಇವತ್ತ ಮಧ್ಯಾಹ್ನದೊಳಗ ಹೆಸರ ಹೇಳ್ರಿ, ಮುಖಪುಟ ಮಾಡಬೇಕು ಅಂದಾರ. ಅದಕ್ಕ ಬಂದೆ.

ಚಿದಾನಂದ: ಅದಕ್ಕ ಬರೂದೇನಿತ್ತು? ಚಿದಾನಂದ, ಎಂ.ಎ., ಬಿ.ಎಡ್. ಡಿಗ್ರಿ ಬಿಡಬ್ಯಾಡ್ರಿ.

ಲಗಮಣ್ಣ: ಅಲ್ಲೇ ಸ್ವಲ್ಪ ತೊಡಕ ಆಗೇತ್ರಿ.

ಚಿದಾನಂದ: ಬಿ.ಎಡ್. ಬ್ಯಾಡಂದ್ರ ಬಿಡ್ರಿ.

ಲಗಮಣ್ಣ: ಅದಲ್ರಿ. ಸಿಟ್ಟಾಗಬ್ಯಾಡ್ರಿ. ಈ ನಾಟಕ ನೀವು ಬರದಿಲ್ಲ ಅಂತ ನಮ್ಮ ಮೇಳದಾಗ ಒಂದ ವಿಚಾರ ಎದ್ದೈತಿ.

ಚಿದಾನಂದ: ಯಾರ ಎಬ್ಬಿಸಿದ್ರು?

ಲಗಮಣ್ಣ: ಎಲ್ಲಾರೂ ರಿ. ಸುಮ್ಮನ ಮಾತಲ್ಲ, ಸಾಕ್ಷಿ ಅದಾವ.

ಗಂಗಾಂಬಿಕಾ: ನಂಬರ್ ಹಾಕಿ ಹೇಳ್ರಿ ಲಗಮಣ್ಣ. ಅವ್ರಿಗೆ ಹಂಗ ರೂಢಿ ಐತಿ.

ಲಗಮಣ್ಣ ನೋಟ್‌ಬುಕ್ ಬಿಚ್ಚಿದ. ಮಾಸ್ತರರ ದುಂಡು ಅಕ್ಷರದ ಪಕ್ಕದಲ್ಲಿ ಉದ್ದಕ್ಕೂ ಹಳದಿ ಬೆರಳಚ್ಚುಗಳಿದ್ದವು.

ಲಗಮಣ್ಣ: ಒಂದನೇದ್ರಿ. ಜನ ಎಲ್ಲಿ ನಗತಾರ ಅಲ್ಲಿ ಭಂಡಾರದ ಬಟ್ಟ ಒತ್ತೂದು ನಮ್ಮ ರೂಢಿ. ಹೊಸಾ ಪಾತ್ರಧಾರಿಗೆ ಗೊತ್ತಾಗಲಿ, ಇಲ್ಲಿ ನಗತಾರ, ಸ್ವಲ್ಪ ತಡಿಬೇಕು ಅಂತ. ಭಾಳ ನಕ್ರ ಎರಡ ಬಟ್ಟ. ನೋಡ್ರಿಲ್ಲೆ, ತಮ್ಮ ಅಣ್ಣಗ ಅಂತಾನ, ‘ಕಂಬಳಿ ನಂದಂತಿ, ಹಂಗಾರ ಅದರಾಗಿನ ಹೇನೂ ನಿನ್ನವ. ನನ್ನ ಮೈಮ್ಯಾಲ ಯಾಕ ಬರ್ತಾವ?’ ಮೂರ ಬಟ್ಟ.

ಚಿದಾನಂದ: ಛಲೋ ಆತಲ್ಲ.

ಲಗಮಣ್ಣ: ಅದರ ಕೆಳಗ ನೋಡ್ರಿ. ‘ಹೇ ಸಹೋದರನೇ, ಧರ್ಮಮಾರ್ಗವನ್ನು ಉಲ್ಲಂಘಿಸದಿರು.’ ಬಟ್ಟಿಲ್ಲ.

ಚಿದಾನಂದ: ಅಲ್ಲಿ ನಗೂದಲ್ಲ, ವಿಚಾರ ಮಾಡೂದು.

ಲಗಮಣ್ಣ: ಅಲ್ಲಿ ಜನ ಎದ್ದ ಬೀಡಿ ಸೇದಾಕ ಹೋಗ್ತಾರ್ರಿ. ನಾಟಕದ ತುಂಬ ಹಿಂಗ ಐತಿ. ಒಂದ ಮಾತಿಗೆ ಬಟ್ಟ, ಒಂದ ಮಾತಿಗೆ ಬೀಡಿ. ಇದರಾಗ ಇಬ್ಬರ ಕೈ ಐತಿ ಅಂತ ನಾವು ಲೆಕ್ಕ ಹಾಕಿದ್ವಿ.

ಮಾಸ್ತರು ನೋಟ್‌ಬುಕ್ ಎಳೆದುಕೊಂಡು ಹಾಳೆ ತಿರುವಿದರು. ತಾವು ತಿದ್ದಿದ ಸಾಲುಗಳು ಅವರಿಗೆ ನೆನಪಿದ್ದವು. ಒಂದರ ಪಕ್ಕದಲ್ಲೂ ಅರಿಶಿನ ಇರಲಿಲ್ಲ. ಹನ್ನೆರಡನೇ ಹಾಳೆಯಲ್ಲಿ ಒಂದು ಕಲೆ ಕಂಡು ಅವರ ಮುಖ ಅರಳಿತು.

ಚಿದಾನಂದ: ಇಲ್ಲೈತಿ ನೋಡ್ರಿ ಬಟ್ಟ.

ಲಗಮಣ್ಣ: ಅದು ಚಾ ಚೆಲ್ಲಿದ್ದ್ರಿ. ಇನ್ನ ಎರಡನೇದು. ಮೂರನೇ ಪ್ರವೇಶದಾಗ ಸೊಸಿ ಅಂತಾಳಲ್ರಿ, ‘ಅತ್ತಿ ಬಾಯಿ ತಗೀಬೇಕಂತಿಲ್ಲ. ರೊಟ್ಟಿ ಬಡಿಯೂ ಸಪ್ಪಳದಾಗ ಸಿಟ್ಟ ತಿಳಿತೈತಿ, ಮೊದಲ ಮಳಿ ಹನಿ ಬಿದ್ದಂಗ, ಆಮ್ಯಾಲ ಆಣೆಕಲ್ಲ ಬಿದ್ದಂಗ’ ಅಂತ. ನೀವು ಎಂದಾರೆ ಒಮ್ಮಿ ರೊಟ್ಟಿ ಬಡದೀರೇನ್ರಿ?

ಚಿದಾನಂದ: ನಾ ಎಂ.ಎ. ಮಾಡೇನಿ.

ಲಗಮಣ್ಣ: ಅದಕ್ಕ ಕೇಳಿದೆ.

ಚಿದಾನಂದ: ಬರಿಯಾಂವ ಎಲ್ಲಾ ಮಾಡೇ ಬರೀಬೇಕೇನು? ಮನ್ಯಾಗ ಕುಂತಿರ್ತಾನ, ಕಿವಿಗೆ ಬೀಳತೈತಿ. ಕೇಳಿದ್ರ ಬರತೈತಿ.

ಗಂಗಾಂಬಿಕಾ: ಕೇಳಿದ್ರ ಬರತೈತೇನ್ರಿ?

ಮಾಸ್ತರು ಕೆಮ್ಮಿದರು. ಗಂಗಾಂಬಿಕಾ ಚಹಾದ ಕಪ್ಪು ತಂದು ಇಬ್ಬರ ಮುಂದಿಟ್ಟು ಒಳಗೆ ಹೋದಳು. ಲಗಮಣ್ಣ ಅವಳನ್ನು ನೋಡಿ ಕೈ ಮುಗಿದ, ಮತ್ತೆ ಮಾಸ್ತರರ ಕಡೆ ತಿರುಗಿದ.

ಲಗಮಣ್ಣ: ಮೂರನೇದು ಗಟ್ಟಿ ಸಾಕ್ಷಿ. ಹಾಡ ಕಟ್ಟಿದಾವ್ರು ಕಡೀಕ ತಮ್ಮ ಊರ ದೇವರ ಅಂಕಿತ ಹಾಕ್ತಾರ. ನೀವು ಬನಹಟ್ಟಿಯಾವ್ರು. ಈ ನಾಟಕದಾಗಿನ ಹಾಡಿಗೆಲ್ಲ ‘ಬೆಳಗಲಿಯ ಬಸವಾ’ ಅಂತ ಐತಿ. ರನ್ನ ಬೆಳಗಲಿ ಬಸವಣ್ಣನ ಕೂಡ ನಿಮಗೇನ ಸಂಬಂಧ್ರಿ?

ಚಿದಾನಂದ: ಸಂಬಂಧ ಐತಿ. ದೂರದ್ದು.

ಒಳಗೆ ಹೆಂಚಿನ ಮೇಲೆ ನೀರು ಚಿಮುಕಿಸಿದ ಸದ್ದಾಯಿತು.

ಲಗಮಣ್ಣ: ಮೂರೂ ಕೂಡಿಸಿ ನೋಡಿದ್ವಿ. ಬೆಳಗಲಿಯಾಂವ ಇರಬೇಕು, ರೊಟ್ಟಿ ಬಡಿಯಾಕ ಬರಬೇಕು. ಅಂಥಾ ಗಂಡಸ ಯಾರು? ಎರಡ ಸಲ ಹೋಗಿ ಹುಡಕಿದೆ. ಕಡೀಕ ಸಿಕ್ಕ. ಮದವಿ ಅಡಗಿ ಮಾಡೂ ಶಿದ್ರಾಮಪ್ಪ.

ಚಿದಾನಂದ: ಅಡಗಿಯಾಂವ?

ಲಗಮಣ್ಣ: ಎಂಬತ್ತು ದಾಟೇತ್ರಿ. ಮೇಳದಿಂದ ಒಂದ ಶಾಲು ಹೊಚ್ಚಿ, ಕಂಬಳಿ ನಾಟಕ ನೀವ ಬರದದ್ದೇನ್ರಿ ಅಂದೆ. ಶಾಲ ಮುಟ್ಟಿ ನೋಡಿ ಹೂಂ ಅಂದ.

ಚಿದಾನಂದ: ಶಾಲ ಹೊಚ್ಚಿದ ಮ್ಯಾಲ ಯಾಂವ ಇಲ್ಲ ಅಂತಾನ? ಎಷ್ಟ ಕಲತಾನ ಅಂವ?

ಲಗಮಣ್ಣ: ಸಾಲಿ ಮೆಟ್ಟಿಲ ಹತ್ತಿಲ್ಲಂತ. ಆದ್ರ ಕಿವಿ ಚುರುಕ ಇತ್ತಂತ, ಒಂದ ಕಾಲಕ್ಕ. ನೀವು ಹೂಂ ಅಂದ್ರ ಪುಸ್ತಕದ ಮ್ಯಾಲ ಅವನ ಹೆಸರ ಹಾಕಿ, ಒಳಗ ‘ತಿದ್ದುಪಡಿ ಚಿದಾನಂದ ಮಾಸ್ತರು’ ಅಂತ ಹಾಕಸ್ತೇವ್ರಿ. ಬೀಡಿ ಜಾಗಾ ನಿಮ್ಮವ.

ಚಿದಾನಂದ: ಸಾಲಿ ಕಾಣದಾಂವ ನಾಟಕ ಬರಿಯೂದು ಸಾಧ್ಯ ಇಲ್ಲ. ನನ್ನ ಭಾಷಣದಾಗ ಇದನ್ನ ಐದ ಸಾಕ್ಷಿ ಕೊಟ್ಟ ತೋರಿಸೇನಿ.

ಲಗಮಣ್ಣ: ಸಾಲಿ ಕಲತಾಂವ ಬರಿಯೂದು ಸಾಧ್ಯ ಇಲ್ಲ ಅಂತ ನಾವು ಮೂರರಾಗ ತೋರಿಸೇವಲ್ರಿ.

ಹೀಗೆ ಇಬ್ಬರೂ ಅಡಿಗೆಯ ಶಿದ್ರಾಮಪ್ಪನ ಮೇಲೆ ಮಾತಿಗೆ ಮಾತು ಬೆಳೆಸುತ್ತಿರುವಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಸುರುವಾಯಿತು. ಮೊದಲು ಮೆಲ್ಲಗಿತ್ತು. ಆಮೇಲೆ ಪಕ್ಕದ ಮನೆಯ ಮಗ್ಗವೇ ಕೇಳದಷ್ಟು ಜೋರಾಯಿತು. ಲಗಮಣ್ಣ ಮಾತು ನಿಲ್ಲಿಸಿ ಕಿವಿಗೊಟ್ಟ.

ಲಗಮಣ್ಣ: ಮಾಸ್ತರ, ಅವ್ವಾರಿಗೆ ಸಿಟ್ಟ ಬಂದೈತೇನ್ರಿ?

ಚಿದಾನಂದ: ಇಲ್ಲಲ್ಲ. ಆಕಿ ಏನೂ ಅಂದಿಲ್ಲಲ್ಲ.

ಲಗಮಣ್ಣ: ಅನ್ನಬೇಕಂತಿಲ್ರಿ. ಆಣೆಕಲ್ಲ ಬಿದ್ದಂಗ ಕೇಳಸಾಕತ್ತೈತಿ.

ಮಾಸ್ತರು ಮಾತು ಬೇರೆ ಕಡೆ ತಿರುಗಿಸಲು ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದರು. ಅದು ಅರ್ಧ ಮಾತ್ರ ಇತ್ತು. ಉಳಿದರ್ಧ ಗೆದ್ದಲು ತಿಂದಿತ್ತು.

ಲಗಮಣ್ಣ: ನೋಡ್ರಿ, ಇದಕ್ಕೂ ಬಂದೇನಿ. ಕಡೀ ಹಾಡಿನ ಎರಡನೇ ನುಡಿ ಹೋಗೇತಿ. ನಮ್ಮ ಮೇಳದ ಈರಪ್ಪ ಹಾಡ್ತಾನ, ಖರೆ. ಆದ್ರ ಇವತ್ತ ಹಾಡಿದ್ದ ನಾಳಿ ಹಾಡಂಗಿಲ್ಲ, ಒಳಗ ತನ್ನ ಮಾತ ಸೇರಸ್ತಾನ. ಶಿದ್ರಾಮಪ್ಪನ ಕೇಳಿದೆ, ಮರತೈತಿ ಅಂದ. ನೀವು ಹೇಳಿಬಿಡ್ರಿ ಮಾಸ್ತರ. ಹೇಳಿದ್ರ ನಿಮ್ಮ ಹೆಸರ ನಿಮಗ. ಮೇಳದಾವ್ರಿಗೆ ನಾ ಉತ್ತರ ಕೊಡ್ತೇನಿ. ಮೊದಲನೇ ನುಡಿ ಹಿಂಗೈತಿ, ‘ಹರದ ಕಂಬಳಿ ಹೊಲಿಯಾಕ ಬರತೈತಿ, ಹರದ ಮನಿಗೆ ಎಲ್ಲಿ ದಾರ ಸಿಗತೈತಿ’. ಮುಂದ?

ಮಾಸ್ತರು ಮೇಲೆ ಜಂತಿಯ ಕಡೆ ನೋಡಿದರು.

ಚಿದಾನಂದ: ‘ಹೇ ಭ್ರಾತೃಗಳೇ, ವೈಮನಸ್ಯವನ್ನು ತ್ಯಜಿಸಿ...’

ಲಗಮಣ್ಣ: ಇದು ಬೀಡೀದ್ರಿ.

ಚಿದಾನಂದ: ತಡೀರಿ. ಮೂವತ್ತೆರಡು ವರ್ಷದ ಮಾತು. ‘ಕಂಬಳಿಯು ಎರಡಾದರೇನು, ಐಕ್ಯಭಾವವು...’

ಲಗಮಣ್ಣ: ಇದಕ್ಕ ಎರಡ ಬೀಡಿ.

ಒಳಗೆ ರೊಟ್ಟಿಯ ಸಪ್ಪಳ ಮತ್ತೆ ಇಳಿಯಿತು. ಇಳಿದು, ಒಂದು ತಾಳಕ್ಕೆ ನಿಂತಿತು. ಆ ತಾಳದ ಮೇಲೆ ಗಂಗಾಂಬಿಕಾಳ ದನಿ ಬಂತು, ಯಾರಿಗೂ ಹೇಳದಂತೆ, ತನಗೆ ತಾನೇ ಅಂದುಕೊಂಡಂತೆ.

ಗಂಗಾಂಬಿಕಾ:
ಅಣ್ಣಗೊಂದು ಚಳಿ, ತಮ್ಮಗೊಂದು ಚಳಿ ಇರೂದಿಲ್ಲ,
ಅರ್ಧ ಕಂಬಳ್ಯಾಗ ಕಾಲು ಮುಚ್ಚಿದ್ರ ಮಾರಿ ಮುಚ್ಚೂದಿಲ್ಲ.
ಬೆಳಗಲಿಯ ಬಸವಾ, ನಿನ್ನ ಬೆನ್ನಮ್ಯಾಲಿನ ಜೂಲ
ಇವತ್ತೊಂದಿನ ನಮಗೂ ಹೊಚ್ಚೋ, ನಾಳಿಗೆ ಕೇಳೂದಿಲ್ಲ.

ಲಗಮಣ್ಣ ಕಪ್ಪು ಕೆಳಗಿಟ್ಟ. ಎದ್ದು ನಿಂತ. ಅಡಿಗೆಮನೆಯ ಬಾಗಿಲ ತನಕ ಹೋಗಿ ಅಲ್ಲೇ ನಿಂತುಕೊಂಡ.

ಲಗಮಣ್ಣ: ಅವ್ವಾರ, ಈ ನುಡಿ ನಿಮಗ ಹೆಂಗ ಗೊತ್ತ್ರಿ?

ಗಂಗಾಂಬಿಕಾ ಗಂಡನ ಕಡೆ ನೋಡಿದಳು. ಉತ್ತರ ಅವರೇ ಹೇಳಲಿ ಅನ್ನುವಂತೆ ಕಾಯುತ್ತ ಕುಳಿತಳು.

ಚಿದಾನಂದ: ಆಗ ನಾ ಬರಿಯೂ ಮುಂದ ಆಕಿ ಕೇಳಿರ್ತಾಳ.

ಹೆಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ಗಂಗಾಂಬಿಕಾ ಅದನ್ನು ತಿರುವಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ರೊಟ್ಟಿ ಹೊತ್ತಿಸಿದ್ದನ್ನು ಮಾಸ್ತರು ನೋಡಿರಲಿಲ್ಲ.

ಲಗಮಣ್ಣ: ಅವ್ವಾರ, ನಿಮ್ಮ ತವರಮನಿ ಯಾವೂರ್ರಿ?

ಗಂಗಾಂಬಿಕಾ: ಅಲ್ಲೇ ಐತಿ. ಮುಧೋಳ ತಾಲೂಕ.

ಲಗಮಣ್ಣ: ಮುಧೋಳ ತಾಲೂಕದಾಗ?

ಗಂಗಾಂಬಿಕಾ: ಅವ್ರನ್ನ ಕೇಳ್ರಿ. ದೂರದ ಸಂಬಂಧ ಐತಿ ಅಂದ್ರಲ್ಲ.

ಮಾಸ್ತರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಚಿದಾನಂದ: ರನ್ನ ಬೆಳಗಲಿ. ಬರಕೋರಿ ಲಗಮಣ್ಣ. ಹಾಳಿ ನಂದು, ಪೆನ್ನ ನಂದು, ಕಾಗುಣಿತ ನಂದು.

ಲಗಮಣ್ಣ: ಉಳದದ್ದು?

ಚಿದಾನಂದ: ಬೀಡಿ ಜಾಗಾ ನಂದು ಅಂತ ಆಗಲೆ ಹೇಳೀರಲ್ಲ. ಉಳದದ್ದೆಲ್ಲಾ ಆಕೀದು.

ಲಗಮಣ್ಣ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡ.

ಲಗಮಣ್ಣ: ಎರಡ ಸಲ ಬೆಳಗಲಿಗೆ ಹೋಗಿ ಬಂದೆ. ಇಲ್ಲಿ ಹತ್ತ ಸಲ ಬಂದ ಚಾ ಕುಡದ ಹೋಗೇನಿ. ಅವ್ವಾರ, ನೀವರೆ ಒಂದ ಮಾತ ಅನ್ನಬಾರದೇನ್ರಿ?

ಗಂಗಾಂಬಿಕಾ: ನೀವು ರೊಟ್ಟಿ ಬಡಿಯಾಕ ಬರೂ ಗಂಡಸನ್ನ ಹುಡಕಾಕತ್ತಿದ್ರಿ. ನಡುವ ಯಾಕ ಬಾಯಿ ಹಾಕಬೇಕಂತ ಸುಮ್ಮನ ಕೇಳಕೋಂತ ಕುಂತೆ.

ಲಗಮಣ್ಣ: ಮುಖಪುಟದ ಮ್ಯಾಲ ಏನ ಹಾಕಸ್ಲಿ ಹೇಳ್ರಿ.

ಅವಳು ಕರಕಾದ ರೊಟ್ಟಿ ಕೆಳಗಿಳಿಸಿ, ಕೈಯ ಹಿಟ್ಟು ಒರೆಸಿಕೊಂಡಳು. ಹೇಳುವ ಮೊದಲು ಒಮ್ಮೆ ಜಗುಲಿಯ ಮೇಲಿನ ದೇವರ ಕಡೆ ನೋಡಿದಳು.

ಗಂಗಾಂಬಿಕಾ: ಗಂಗಾಂಬಿಕಾ ಅಂತ ಹಾಕ್ರಿ. ಅಕ್ಷರ ದೊಡ್ಡವ ಇರ್ಲಿ, ನನಗ ಚಸ್ಮಾ ಇಲ್ಲ.

ಲಗಮಣ್ಣ: ಶಿದ್ರಾಮಪ್ಪನ ಶಾಲ ತಿರುಗಿ ಇಸ್ಕೊಂಡ ಬಂದ ನಿಮಗ ಹೊಚ್ಚತೇನ್ರಿ.

ಗಂಗಾಂಬಿಕಾ: ಬ್ಯಾಡ್ರಿ. ಅವರಿಗೆ ಇರ್ಲಿ. ವಯಸ್ಸಾದಾವ್ರು, ಚಳಿ ಬರೂ ದಿವಸ.

ಲಗಮಣ್ಣ ನುಡಿಯನ್ನು ಎರಡು ಸಲ ಹೇಳಿಸಿ ಬರೆದುಕೊಂಡ. ಹಣೆಯಿಂದ ಬೆರಳಿಗೆ ಭಂಡಾರ ತೆಗೆದು ಅದರ ಪಕ್ಕ ಒತ್ತಿದ. ಇಲ್ಲಿ ಯಾರೂ ನಗುವುದಿಲ್ಲ, ಆದರೂ ಇರಲಿ ಅಂದ. ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ.

ಪಡಸಾಲೆಯಲ್ಲಿ ಮಾಸ್ತರು ಭಾಷಣದ ಹಾಳೆಗಳನ್ನು ಮುಂದಿಟ್ಟುಕೊಂಡು ಕುಳಿತರು. ಮೊದಲ ಹಾಳೆಯ ‘ಖಂಡಿತ ಅವನಲ್ಲ’ ಎಂಬುದನ್ನು ಹೊಡೆದು ‘ಅವನೇ ಇದ್ದರೂ ಇರಬಹುದು’ ಎಂದು ಬರೆದರು. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

ಚಿದಾನಂದ: ಗಂಗೂ.

ಗಂಗಾಂಬಿಕಾ: ಹೇಳ್ರಿ.

ಚಿದಾನಂದ: ಸಿಟ್ಟ ಹೋಗೇತೋ ಇಲ್ಲೋ?

ಗಂಗಾಂಬಿಕಾ: ರೊಟ್ಟಿ ಸಪ್ಪಳ ಕೇಳ್ರಿ.

ಮಾಸ್ತರು ಕೇಳಿದರು. ಮಳೆಹನಿಯೋ ಆಣೆಕಲ್ಲೋ ತಿಳಿಯಲಿಲ್ಲ. ತಿಳಿದವರಂತೆ ತಲೆಯಾಡಿಸಿದರು.

ಚಿದಾನಂದ: ಒಂದ ವಿಚಾರ ಮಾಡೇನಿ. ನಿನ್ನ ಪುಸ್ತಕ ಅಚ್ಚಾಗಾಕತ್ತೈತಿ, ಹಂಗ ಹೋಗೂದು ಛಲೋ ಅಲ್ಲ. ಮುಧೋಳಕ್ಕ ಹೋಗಿ ಪ್ರೂಫ್ ತರ್ತೇನಿ, ಕುಂತ ಎಲ್ಲಾ ಇನ್ನೊಮ್ಮಿ ತಿದ್ದಿ ಕೊಡ್ತೇನಿ. ಆ ಬಿಸ್ಕೀಟ ಡಬ್ಬ್ಯಾಗಿನ ಚೀಟಿ ಅದಾವಲ್ಲ, ಅವನ್ನೂ ಕೊಡು, ಸುದ್ದ ಮಾಡ್ತೇನಿ. ನಿನಗ ಇಷ್ಟರೆ ಮಾಡೂದ ಬ್ಯಾಡೇನು?

ಗಂಗಾಂಬಿಕಾ ಡಬ್ಬಿಯನ್ನು ತನ್ನ ಕಡೆ ಸರಿಸಿಕೊಂಡು, ಬಿಸಿ ರೊಟ್ಟಿಯ ತಾಟನ್ನು ಅವರ ಕಡೆ ಸರಿಸಿದಳು.

ಗಂಗಾಂಬಿಕಾ: ನಿಮ್ಮ ಉಪಕಾರ ಇರ್ಲಿ, ತಿದ್ದೂದೊಂದು ಬ್ಯಾಡ್ರಿ. ನೀವು ಕೈ ಹಚ್ಚಿದ್ರ, ನಾನೂರು ವರ್ಷ ಬಿಟ್ಟ ಯಾವನರೆ ಒಬ್ಬ ಮಾಸ್ತರ ಬರ್ತಾನ, ಇದನ್ನ ಎಂ.ಎ. ಆದಾಂವ ಬರದಾನ ಅಂತ ಐದ ಸಾಕ್ಷಿ ಕೊಡ್ತಾನ. ಉಣ್ಣ ಬರ್ರಿ.